ಗೂಟ ಗಟ್ಟಿಯಿದೆಯೇ?

ಪ್ರಶ್ನೆ: ನನಗೆ 26 ವರ್ಷ. ತಿಪಟೂರಿನ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಚಿಕ್ಕಂದಿನಿಂದಲೂ ನನ್ನದು ಉಬ್ಬು ಹಲ್ಲು. ಬಾಯಿ ಮುಚ್ಚಬೇಕೆಂದರೆ ತುಟಿ ಬಿಗಿಹಿಡಿಯಬೇಕು. ಕ್ಲಿಪ್ ಹಾಕಿಸಿಕೊಂಡು ಮಕ್ಕಳ ಮುಂದೆ ನಿಲ್ಲಲು ಸಂಕೋಚ. ಕಣ್ಣಿಗೆ ಬೀಳದ ಅಲೈನರ್ ಆದೀತೇ ಎಂದು ತುಮಕೂರಿಗೆ ಹೋಗಿ ಕೇಳಿದೆ. ಆದೀತು, ಆದರೆ ಮೇಲೆ ಎರಡು, ಕೆಳಗೆ ಎರಡು ಹಲ್ಲು ಕೀಳಬೇಕು, ಮೇಲ್ದವಡೆಯ ಮೂಳೆಗೆ ಎರಡು ಸ್ಕ್ರೂ ಕೂರಿಸಬೇಕು ಎಂದರು. ಸ್ಕ್ರೂ ಎಂದ ಕೂಡಲೇ ಎದೆ ಝಲ್ಲೆಂದಿತು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಅಂತ ದೊಡ್ಡಮ್ಮ. ಇತ್ತ ಮೊಬೈಲ್ ತೆರೆದರೆ, ಮನೆಯಲ್ಲೇ ಅಳತೆ ತೆಗೆದು, ಹಲ್ಲು ಕೀಳದೆ, ಸ್ಕ್ರೂ ಹಾಕದೆ ಅರ್ಧ ದುಡ್ಡಿಗೆ ಅಲೈನರ್ ಕಳಿಸುತ್ತೇವೆ ಎನ್ನುವವರು. ಬರುವ ವೈಶಾಖದಲ್ಲಿ ಮದುವೆ. ಏನು ಮಾಡಲಿ ಡಾಕ್ಟರೇ?
– ಹೆಸರು ಬೇಡ

ಉತ್ತರ: ನೋಡಿ ಟೀಚರ್, ಸ್ಕ್ರೂ ನೋಯುತ್ತದೆಯೇ ಎನ್ನುವುದಕ್ಕಿಂತ ಮೊದಲು ಅದು ಯಾಕೆ ಬೇಕು ಎಂದು ತಿಳಿದುಕೊಳ್ಳೋಣ.

ಜಾತ್ರೆಯಲ್ಲಿ ಹೋರಿ ಕಟ್ಟುವುದನ್ನು ನೋಡಿರುತ್ತೀರಿ. ಗೂಟ ಸಡಿಲವಿದ್ದರೆ ಹೋರಿ ಗೂಟವನ್ನೇ ಕಿತ್ತುಕೊಂಡು ನಡೆಯುತ್ತದೆ. ಹಲ್ಲಿನ ಕಥೆಯೂ ಇದೇ. ಮುಂದಿನ ಆರು ಹಲ್ಲುಗಳನ್ನು ಹಿಂದಕ್ಕೆ ಎಳೆಯಲು ಹಿಂದಿನ ದವಡೆ ಹಲ್ಲುಗಳ ಆಸರೆ ಪಡೆಯುತ್ತೇವೆ. ನೀವು ಮಕ್ಕಳಿಗೆ ಹೇಳಿಕೊಡುವ ನ್ಯೂಟನ್ನನ ಮೂರನೇ ನಿಯಮ ಬಾಯೊಳಗೂ ನಡೆಯುತ್ತದೆ: ಎಷ್ಟು ಬಲದಿಂದ ಮುಂದಿನದು ಹಿಂದೆ ಬರಬೇಕೋ, ಅಷ್ಟೇ ಬಲ ಹಿಂದಿನದನ್ನು ಮುಂದಕ್ಕೆ ಎಳೆಯುತ್ತದೆ. ಕೋರೆಹಲ್ಲಿನ ಹಿಂದಿನ ಒಂದು ಹಲ್ಲು ಕಿತ್ತರೆ ಸಿಗುವ ಜಾಗ ಸುಮಾರು 7 ಮಿಲಿಮೀಟರ್. ಅದರಲ್ಲಿ ಅರ್ಧವನ್ನು ದವಡೆ ಹಲ್ಲುಗಳೇ ಮುಂದೆ ಸರಿದು ನುಂಗಿಬಿಟ್ಟರೆ, ಹಲ್ಲು ಕೀಳಿಸಿಕೊಂಡೂ ನಿಮ್ಮ ತುಟಿ ಅರೆಬರೆಯಷ್ಟೇ ಒಳಗೆ ಹೋದೀತು. ಉಬ್ಬು ಹೆಚ್ಚಿದ್ದಾಗ ದವಡೆ ಹಲ್ಲುಗಳಿಗೆ ಆ ಜಾಗದ ಕಾಲುಭಾಗಕ್ಕಿಂತ ಹೆಚ್ಚು ಬಿಟ್ಟುಕೊಡಬಾರದು ಎಂಬುದು ನಮ್ಮ ಲೆಕ್ಕ.

ಅಲೈನರ್‌ನಲ್ಲಿ ಈ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಅದು ತೆಳು ಪ್ಲಾಸ್ಟಿಕ್. ಕಿತ್ತ ಹಲ್ಲಿನ ಜಾಗದಲ್ಲಿ ಅದಕ್ಕೆ ಹಿಡಿತವಿಲ್ಲ, ಬಾಗುತ್ತದೆ. ಹಗ್ಗದ ಮಂಚದ ನಡು ಜೋತಾಗ ಮಲಗಿದವರು ಎರಡೂ ಕಡೆಯಿಂದ ಉರುಳಿ ಬರುವಂತೆ, ಅಕ್ಕಪಕ್ಕದ ಹಲ್ಲುಗಳು ಆ ಸಂದಿನತ್ತ ವಾಲುತ್ತವೆ. ಬೇರು ಅಲ್ಲೇ ಉಳಿದು ತಲೆ ಮಾತ್ರ ಬಗ್ಗುತ್ತದೆ. ಮುಂದಿನ ಹಲ್ಲುಗಳು ಹಿಂದೆ ಹೋಗುವ ಬದಲು ಕೆಳಗಿಳಿದು, ನಕ್ಕಾಗ ಒಸಡು ಇನ್ನಷ್ಟು ಕಾಣಬಹುದು.

ಇದನ್ನು ತಡೆಯಲು ದಾರಿ ಹಲವು. ಹಲ್ಲಿನ ಬಣ್ಣದ ಪುಟ್ಟ ಗುಬ್ಬಿಗಳನ್ನು ಅಂಟಿಸಿ ಹಿಡಿತ ಹೆಚ್ಚಿಸಬಹುದು, ಎಲ್ಲವನ್ನೂ ಒಮ್ಮೆಗೇ ಸರಿಸದೆ ಸರದಿಯಲ್ಲಿ ಸರಿಸಬಹುದು, ಮೇಲಿನಿಂದ ಕೆಳಗಿನ ಹಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಬಹುದು. ಅವೆಲ್ಲ ಸಾಲದೆನಿಸಿದಾಗ ಹಲ್ಲಿನ ಬದಲು ಮೂಳೆಯನ್ನೇ ಗೂಟ ಮಾಡಿಕೊಳ್ಳುತ್ತೇವೆ. ಅದೇ ನಿಮ್ಮನ್ನು ಹೆದರಿಸಿದ ಸ್ಕ್ರೂ.

ಅದರ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್, ಉದ್ದ ಎಂಟೋ ಹತ್ತೋ. ಎಕ್ಸ್‌-ರೇ ನೋಡಿ, ಎರಡು ಬೇರುಗಳ ನಡುವಿನ ಜಾಗ ಹುಡುಕಿ, ಒಸಡಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತಿರುಗಿಸಿ ಕೂರಿಸುತ್ತಾರೆ. ಒತ್ತಿದಂತೆ ಅನಿಸುತ್ತದೆ, ನೋವು ಹಲ್ಲು ಕೀಳಿಸಿಕೊಂಡದ್ದಕ್ಕಿಂತ ಕಡಿಮೆ. ಕೆಲಸ ಮುಗಿದ ಮೇಲೆ ತಿರುಗಿಸಿ ತೆಗೆದರಾಯಿತು, ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಇದು ಇಂದು ನಿನ್ನೆಯ ಪ್ರಯೋಗವಲ್ಲ. ಮೂಳೆಗೆ ಸ್ಕ್ರೂ ಹಾಕಿ ಮುಂದಿನ ಹಲ್ಲುಗಳನ್ನು ಮೇಲೇರಿಸಿದ್ದನ್ನು ಅಮೆರಿಕದ ಕ್ರೀಕ್‌ಮೋರ್ ಮತ್ತು ಎಕ್ಲಂಡ್ 1983ರಲ್ಲೇ ಬರೆದಿದ್ದರು. ಜಪಾನಿನ ಕನೋಮಿ ಈಗಿನಂಥ ಪುಟ್ಟ ಸ್ಕ್ರೂಗಳ ಬಗ್ಗೆ ಬರೆದದ್ದು 1997ರಲ್ಲಿ. ಇನ್‌ವಿಸಲೈನ್ ಎಂಬ ಅಲೈನರಿನ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದೂ ಅದೇ ವರ್ಷ.

ತೊಂದರೆಯೇ ಇಲ್ಲ ಎಂದರೆ ಸುಳ್ಳಾದೀತು. ಹತ್ತರಲ್ಲಿ ಒಂದು ಸ್ಕ್ರೂ ಸಡಿಲವಾಗುವುದುಂಟು. ಆಗ ತೆಗೆದು ಪಕ್ಕದಲ್ಲಿ ಹಾಕುತ್ತಾರೆ. ಸುತ್ತ ಅನ್ನದಗುಳು ನಿಂತರೆ ಒಸಡು ಊದುತ್ತದೆ. ಮೆದು ಬ್ರಷ್‌ನಿಂದ ದಿನಕ್ಕೆರಡು ಸಲ ಉಜ್ಜುವುದು ನಿಮ್ಮ ಪಾಲಿನ ಕೆಲಸ.

ದೊಡ್ಡಮ್ಮನಿಗೆ ಹೀಗೆ ಹೇಳಿ: ನೋಟದ ನರ ಬೇರೆ, ಹಲ್ಲಿನ ನರ ಬೇರೆ. ಮುಖಕ್ಕೆಲ್ಲ ಹರಡಿದ ಒಂದೇ ನರದ ಕವಲುಗಳು ಮೇಲಿನ ಹಲ್ಲಿಗೂ ಕಣ್ಣಿನ ಸುತ್ತಲಿನ ಚರ್ಮಕ್ಕೂ ಹೋಗುವುದರಿಂದ ಹಲ್ಲುನೋವು ಕಣ್ಣಿನ ತನಕ ಸೆಳೆಯುವುದು ನಿಜ. ಹಲ್ಲು ಕೀಳಿಸಿದ್ದಕ್ಕೆ ದೃಷ್ಟಿ ಮಂಜಾಗುವುದಿಲ್ಲ.

ಇನ್ನು ಮೊಬೈಲ್‌ನ ಅಗ್ಗದ ಮಾತು. ಹಲ್ಲಿನ ಅಚ್ಚು ಬೇರನ್ನು ತೋರಿಸುವುದಿಲ್ಲ, ಸ್ಕ್ರೂ ಅಂಚೆಯಲ್ಲಿ ಬರುವುದಿಲ್ಲ. ಅಲ್ಪಸ್ವಲ್ಪ ಸಂದಿಗೆ ಅದು ಸಾಕಾದೀತೇನೋ. ನಿಮ್ಮ ಬಾಯಿಗೆ ಸಾಲದು. ಮನೆಗೇ ಅಲೈನರ್ ಕಳಿಸುತ್ತಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ, ಚಿಕಿತ್ಸೆಯ ನಡುವೆ ಇದ್ದವರು ನಡುನೀರಿನಲ್ಲಿ ಉಳಿದರು.

ಮದುವೆಯ ಹೊತ್ತಿಗೆ ಮುಗಿಯುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಒಂದು ಅಲೈನರ್ ಹಲ್ಲನ್ನು ಸರಿಸುವುದು ಹೆಚ್ಚೆಂದರೆ ಕಾಲು ಮಿಲಿಮೀಟರ್. 7 ಮಿಲಿಮೀಟರಿಗೆ 28 ಅಲೈನರ್, ಮೇಲೆ ತಿದ್ದುಪಡಿಯವು ಬೇರೆ. ಒಂದೂವರೆಯಿಂದ ಎರಡೂವರೆ ವರ್ಷ ಹಿಡಿದೀತು. ಕಿತ್ತ ಹಲ್ಲಿನ ಜಾಗಕ್ಕೆ ಅಲೈನರ್ ಒಳಗೇ ಹಲ್ಲಿನ ಬಣ್ಣ ತುಂಬಿಸಿಕೊಂಡರೆ ಫೋಟೋದಲ್ಲಿ ಸಂದಿ ಎದ್ದು ಕಾಣದು. ಧಾರೆಯ ದಿನ ಊಟದ ಹೊತ್ತು ತೆಗೆದಿಟ್ಟು, ರಾತ್ರಿ ಮರೆಯದೆ ಹಾಕಿಕೊಳ್ಳಿ.

ಉಳಿದ ದಿನ 20ರಿಂದ 22 ಗಂಟೆ ಅದು ಬಾಯಲ್ಲಿರಬೇಕು. ಮೂರು ಊಟಕ್ಕೇ ಉಳಿದ ಸಮಯ ಹೋಗುತ್ತದೆ. ಸ್ಟಾಫ್ ರೂಮಿನಲ್ಲಿ ಗಂಟೆಗೊಂದು ಕಾಫಿ ಇನ್ನು ನಡೆಯದು. ಮೊದಲ ವಾರ ‘ಸ’ಕಾರ ಜಾರುತ್ತದೆ, ಉಕ್ತಲೇಖನ ಕೊಡುವಾಗ ಮಕ್ಕಳು ನಕ್ಕರೆ ನೀವೂ ನಗಿ. ಇಷ್ಟು ಶಿಸ್ತು ಆಗದು ಅನಿಸಿದರೆ ಕ್ಲಿಪ್ಪೇ ವಾಸಿ. ಅದನ್ನು ತೆಗೆದಿಡುವ ಆಸೆಗೆ ಎಡೆಯಿಲ್ಲ.

ಮುಂಗಡ ಕೊಡುವ ಮುನ್ನ ತುಮಕೂರಿಗೆ ಇನ್ನೊಮ್ಮೆ ಹೋಗಿ. ನೋಡುವವರು ಬಿ.ಡಿ.ಎಸ್. ಮೇಲೆ ಮೂರು ವರ್ಷ ಈ ವಿಷಯದಲ್ಲೇ ಎಂ.ಡಿ.ಎಸ್. ಮಾಡಿದವರೇ ಎಂದು ವಿಚಾರಿಸಿ. ಆಮೇಲೆ ಮೂರು ಮಾತು ಕೇಳಿ: ನನ್ನ ಮುಂದಿನ ಹಲ್ಲು ಎಷ್ಟು ಮಿಲಿಮೀಟರ್ ಹಿಂದೆ ಬರಬೇಕು? ಸ್ಕ್ರೂ ಇಲ್ಲದಿದ್ದರೆ ಎಷ್ಟು ಬಂದೀತು? ಸ್ಕ್ರೂ ಸಡಿಲವಾದರೆ ಮತ್ತೆ ಹಾಕಲು ಬೇರೆ ದುಡ್ಡೇ? ಮೊದಲ ಎರಡು ಉತ್ತರಗಳ ನಡುವೆ ಹೆಚ್ಚು ಅಂತರವಿಲ್ಲದಿದ್ದರೆ ಸ್ಕ್ರೂ ಬೇಡವೆನ್ನಲು ನಿಮಗೆ ಹಕ್ಕಿದೆ. ಅಂತರ ದೊಡ್ಡದಿದ್ದರೆ, ಹೆದರದೆ ಹಾಕಿಸಿಕೊಳ್ಳಿ.