ಸೂಜಿಯತ್ತ ಬಾಗಿದ ಕತ್ತು

ತಾಯಿ, ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ದಿನವಿಡೀ ಕಾಲರು ಕೂಡಿಸುತ್ತ, ಸಾಯಂಕಾಲದ ವೇಳೆಗೆ ಕತ್ತು ತಿರುಗಿಸಲಾರದೆ ಬಳಲುವ ತಾವು, ಇದು ವಯಸ್ಸಿನ ದೋಷವೇ ಎಂದು ಕೇಳಿದ್ದೀರಿ. ಅಲ್ಲವೇ ಅಲ್ಲ. ಕುಳಿತು ದುಡಿಯುವ ದರ್ಜಿಗಳ ಬೆನ್ನು ಬಾಗುವುದನ್ನು ಇಟಲಿಯ ವೈದ್ಯ ರಾಮಜ್ಜೀನಿ 1700ರಲ್ಲಿಯೇ ತನ್ನ ವೃತ್ತಿರೋಗಗಳ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. 4-5 ಕಿಲೋ ತೂಗುವ ಶಿರಸ್ಸು ಸೂಜಿಯತ್ತ ಬಾಗಿಯೇ ಇದ್ದರೆ, ಅದನ್ನು ಹಿಡಿದಿರುವ ಸ್ನಾಯುಗಳು ಸಡಿಲಗೊಳ್ಳಲು ಅವಕಾಶವಿಲ್ಲದೆ, ರಕ್ತಸಂಚಾರ ಕುಗ್ಗಿ, ನೋವು ನೆಲೆಯೂರುತ್ತದೆ.

ಕಾರ್ಖಾನೆಯವರು ಏರ್ಪಡಿಸಿದ ಒಂದು ಗಂಟೆಯ ಉಪನ್ಯಾಸದಿಂದ ಪ್ರಯೋಜನವಾಗಲಿಲ್ಲವೆಂದಿದ್ದೀರಿ. ದಡದಲ್ಲಿ ಕುಳಿತು ಈಜು ಕಲಿತವರುಂಟೆ? ಶಿಕ್ಷಣವು ತಮ್ಮ ಯಂತ್ರದ ಬಳಿಯಲ್ಲಿಯೇ ನಡೆಯಬೇಕು: ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಆಸನವನ್ನೆತ್ತಿ, ಪೆಡಲನ್ನು ಹತ್ತಿರಕ್ಕೆ ಸರಿಸಿ, ಸೊಂಟ ತಿರುಚದೆ ಕೈಗೆಟಕುವೆಡೆ ಬಟ್ಟೆಯ ಕಟ್ಟನ್ನಿರಿಸುವ ಕ್ರಮವನ್ನು ಮೇಲ್ವಿಚಾರಕರೂ ಕಲಿಯತಕ್ಕದ್ದು. ತಾವು ಸ್ಟೂಲಿನ ಮೇಲೆ ಮಡಿಸಿ ಹಾಸುವ ಚಿಂದಿಬಟ್ಟೆಯೇ ಅದರ ಎತ್ತರ ಸಾಲದೆಂಬುದಕ್ಕೆ ಸಾಕ್ಷಿ. ಗಂಟೆಗೊಮ್ಮೆ ಎದ್ದು ಭುಜ ಸಡಿಲಿಸಿ, ಉತ್ಪಾದನೆಯ ಗುರಿಯೆಂಬ ಭೂತ ಬಿಟ್ಟರೆ!

ರಾತ್ರಿ ಬೆರಳುಗಳು ಜೋಮು ಹಿಡಿಯುವುದೆಂದು ಕೊನೆಯಲ್ಲಿ ಬರೆದಿರುವುದನ್ನು ಮಾತ್ರ ನಾನು ಲಘುವಾಗಿ ಎಣಿಸಲಾರೆ. ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿರಬಹುದು. ಈ ವಾರವೇ ಇಎಸ್‌ಐ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ.