ಉಸಿರುಗೊಳವೆಯ ಈಜು: ಹವಾಯಿಯ ಜ್ವಾಲಾಮುಖಿ ತೀರದಿಂದ ಒಂದು ಆರೋಗ್ಯಪಾಠ

ಸಮುದ್ರಸ್ನಾನ ಕನ್ನಡಿಗರಿಗೆ ಹೊಸದಲ್ಲ. ಗೋಕರ್ಣದ ತೀರದಲ್ಲಿ ಮೂಗು ಹಿಡಿದು ಮೂರು ಬಾರಿ ಮುಳುಗಿ ಏಳುವುದನ್ನು ತಲೆತಲಾಂತರದಿಂದ ಬಲ್ಲವರು ಅವರು. ಆದರೆ ನೀರಿನ ಮೇಲೆ ಮಕಾಡೆ ತೇಲುತ್ತಾ, ಕಣ್ಣಿಗೆ ಗಾಜಿನ ಮುಖಗವಸು ಕಟ್ಟಿ, ಬಾಯಲ್ಲಿ ಕಚ್ಚಿದ ಕೊಳವೆಯಿಂದ ಉಸಿರಾಡುತ್ತಾ ಕಡಲ ತಳವನ್ನು ನೋಡುವ ಸ್ನಾರ್ಕೆಲಿಂಗ್ ಎಂಬ ವಿಹಾರ ಬಹುಮಂದಿಗೆ ಹೊಸದು. ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ಕಾಣಲು ಹೋದ ತಂದೆತಾಯಿಗಳನ್ನು ಮಕ್ಕಳು ಅಕ್ಕರೆಯಿಂದ ಹವಾಯಿ ದ್ವೀಪಗಳಿಗೆ ಕರೆದೊಯ್ಯುವುದುಂಟು. ಅಲ್ಲಿ ಅರ್ಧ ದಿನದ ದೋಣಿವಿಹಾರಕ್ಕೂ ಏರ್ಪಾಡಾಗುತ್ತದೆ. ಹೊರಡುವ ಮುನ್ನ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಅಲ್ಲಿ ಶಾರ್ಕ್ ಮೀನುಗಳಿವೆಯೇ?" ಎಂಬುದು. ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಅದು ಹೃದಯಕ್ಕೂ ಶ್ವಾಸಕೋಶಕ್ಕೂ ಸಂಬಂಧಿಸಿದ್ದು. ಹವಾಯಿಗೆ ಬರುವ ಪ್ರವಾಸಿಗರು ನೀರಿನಲ್ಲಿ ಮುಳುಗಿ ಸಾಯುವ ಪ್ರಕರಣಗಳಲ್ಲಿ ಸ್ನಾರ್ಕೆಲಿಂಗ್ ವೇಳೆ ಸಂಭವಿಸುವವುಗಳದ್ದೇ ಅಗ್ರಸ್ಥಾನ.

ಬೆಂಕಿಯಿಂದ ಹುಟ್ಟಿದ ತೀರ

ಶಾಂತಸಾಗರದ ನಡುವೆ ಇರುವ ಹವಾಯಿ ಸರಣಿಯಲ್ಲಿ ಅತ್ಯಂತ ದೊಡ್ಡದು ಹವಾಯಿ ಎಂಬ ಹೆಸರಿನ ದ್ವೀಪವೇ. ಕೊಹಾಲ, ಮೌನಾ ಕೆಯ, ಹುವಲಾಲೈ, ಮೌನಾ ಲೋವ, ಕಿಲಾವೆಯ ಎಂಬ ಐದು ಜ್ವಾಲಾಮುಖಿಗಳು ಒಂದರ ಮಗ್ಗುಲಲ್ಲಿ ಒಂದು ಬೆಳೆದು ಈ ನೆಲ ರೂಪುಗೊಂಡಿದೆ. ಭೂಗರ್ಭದ ಆಳದಲ್ಲಿ ಒಂದೆಡೆ ನೆಲೆಗೊಂಡ ತಪ್ತಸ್ಥಾನದ ಮೇಲೆ ಸಾಗರತಳದ ಹಾಸು ನಿಧಾನವಾಗಿ ಸರಿಯುತ್ತಿರುವುದರಿಂದ ಒಂದಾದ ಮೇಲೊಂದು ದ್ವೀಪ ಹುಟ್ಟುತ್ತಾ ಬಂದಿದೆ.

ದ್ವೀಪದ ಪಶ್ಚಿಮಕ್ಕೆ ಕೋನ ತೀರವಿದೆ. 1801ರಲ್ಲಿ ಹುವಲಾಲೈ ಉಕ್ಕಿಸಿದ ಲಾವಾ ಕಡಲವರೆಗೆ ಹರಿದು ಹೆಪ್ಪುಗಟ್ಟಿತು. ಇಂದಿನ ಕೋನ ವಿಮಾನ ನಿಲ್ದಾಣ ಆ ಕಲ್ಲಿನ ಮೇಲೆಯೇ ನಿಂತಿದೆ. 1950ರಲ್ಲಿ ಮೌನಾ ಲೋವದಿಂದ ಹೊರಟ ಪ್ರವಾಹ ಕೆಲವೇ ಗಂಟೆಗಳಲ್ಲಿ ಸಮುದ್ರವನ್ನು ಸೇರಿತು. ಹೀಗೆ ಹರಿದ ಲಾವಾದ ಮೇಲ್ಪದರ ಮೊದಲು ಗಟ್ಟಿಯಾಗಿ, ಒಳಗಿನ ದ್ರವ ಮುಂದೆ ಹರಿದುಹೋದಾಗ ಸುರಂಗಗಳು ಉಳಿಯುತ್ತವೆ. ಅಲೆಗಳ ಹೊಡೆತಕ್ಕೆ ಅವುಗಳ ಬಾಯಿ ತೆರೆದು ಗುಹೆಗಳೂ ಕಮಾನುಗಳೂ ಆಗುತ್ತವೆ.

ಮುಂಬಯಿ, ಪುಣೆಗಳ ಓದುಗರಿಗೆ ಈ ಕರಿಕಲ್ಲು ಅಪರಿಚಿತವಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನಿನ ಬೆಸಾಲ್ಟ್ ಶಿಲೆಯೇ ಅವರ ಕಾಲಡಿಯಲ್ಲಿದೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಲಾವಾದಿಂದಲೇ ಆದವು. ಅವು ದಖ್ಖನಿನ ಕಲ್ಲಿಗಿಂತಲೂ ಹಳೆಯವು.

ದೋಣಿಯ ಪಯಣ

ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತವನ್ನು ಎತ್ತರದ ಪರ್ವತಗಳು ತಡೆಯುವುದರಿಂದ ಕೋನ ತೀರದ ನೀರು ಸಾಮಾನ್ಯವಾಗಿ ಶಾಂತ. ಮಧ್ಯಾಹ್ನಕ್ಕೆ ಕಡಲಗಾಳಿ ಏಳುವುದರಿಂದ ಬೆಳಗಿನ ಪಯಣವೇ ಮೇಲು. ಗಟ್ಟಿ ತಳಕ್ಕೆ ಗಾಳಿ ತುಂಬಿದ ರಬ್ಬರಿನ ಅಂಚು ಜೋಡಿಸಿದ ಸಣ್ಣ ದೋಣಿಗಳು ಬಂಡೆಗಳ ಸನಿಹಕ್ಕೆ ಸುಳಿಯಬಲ್ಲವು. ಅಲೆ ಇಳಿದ ದಿನ ಗುಹೆಯ ಬಾಯಿಯವರೆಗೂ ಹೋಗಬಲ್ಲವು. ಆದರೆ ಇವು ಅಲೆಯಿಂದ ಅಲೆಗೆ ನೆಗೆಯುತ್ತಾ ಸಾಗುವುದರಿಂದ ಬೆನ್ನುಮೂಳೆಯ ತೊಂದರೆಯುಳ್ಳವರಿಗೂ ಗರ್ಭಿಣಿಯರಿಗೂ ಸಲ್ಲ. ಅಂಥವರು ದೊಡ್ಡ ದೋಣಿಯನ್ನು ಆರಿಸಿಕೊಳ್ಳಬೇಕು.

ಪಯಣದ ಮುಖ್ಯ ತಾಣ ಕೆಯಲಕೆಕುವ ಕೊಲ್ಲಿ. ಬ್ರಿಟಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್ 1779ರ ಫೆಬ್ರವರಿ 14ರಂದು ದ್ವೀಪವಾಸಿಗಳೊಡನೆ ನಡೆದ ಘರ್ಷಣೆಯಲ್ಲಿ ಸತ್ತದ್ದು ಇಲ್ಲಿಯೇ. ಅವನ ನೆನಪಿನ ಬಿಳಿಯ ಸ್ತಂಭ ದಡದಲ್ಲಿದೆ. 1969ರಿಂದ ಈ ಕೊಲ್ಲಿ ಸಂರಕ್ಷಿತ ಜಲಪ್ರದೇಶ. ಲಾವಾದ ಕರಿಬಂಡೆಯ ಮೇಲೆ ಗುಂಡುಗುಂಡಾಗಿಯೂ ಬೆರಳುಗಳಂತೆಯೂ ಬೆಳೆದ ಹವಳ, ಅದರ ನಡುವೆ ನಿಂಬೆಹಳದಿಯ ಮೀನುಗಳ ಹಿಂಡು, ಕಲ್ಲಿನ ಪಾಚಿಯನ್ನು ಮೇಯುವ ಹಸಿರಾಮೆ, ಇವೆಲ್ಲ ನೀರಿನ ಮೇಲಿನಿಂದಲೇ ಸ್ಪಷ್ಟವಾಗಿ ಕಾಣುತ್ತವೆ.

ಈ ಸೊಬಗು ಬಹು ಸುಕುಮಾರವಾದುದು. ಹೊಸ ಲಾವಾ ಮುಚ್ಚಿದ ಕಡಲತಳದಲ್ಲಿ ಹವಳ ಮತ್ತೆ ನೆಲೆಗೊಳ್ಳಲು, ಅಲೆ ಹೆಚ್ಚಿರುವ ಕಡೆ ಸುಮಾರು 20 ವರ್ಷ, ಶಾಂತ ಕೊಲ್ಲಿಗಳಲ್ಲಿ 50 ವರ್ಷಕ್ಕೂ ಮೇಲೆ ಬೇಕೆಂದು 1974ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 2015ರಲ್ಲಿ ನೀರಿನ ಬಿಸಿ ಏರಿದ್ದರಿಂದ ಈ ತೀರದ ಹವಳ ಬಿಳಿಚಿಕೊಂಡು ಸುಮಾರು ಅರ್ಧದಷ್ಟು ನಾಶವಾಯಿತು. ಆದ್ದರಿಂದ ಹವಳದ ಮೇಲೆ ಕಾಲೂರುವುದು ಸಲ್ಲದು. ಅದು ಕಾಲೂರಿದವರಿಗೂ ಕೆಡುಕು: ಹವಳ ಮತ್ತು ಲಾವಾ ಬಂಡೆಗಳಿಂದಾದ ಗೀರುಗಾಯ ಬೇಗ ಕೀವಾಗುತ್ತದೆ, ಮಧುಮೇಹಿಗಳಲ್ಲಿ ಅದು ಮಾಯುವುದು ಇನ್ನೂ ತಡ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಬಿಸಿಲು ತಡೆಯುವ ಲೇಪಗಳ ಮಾರಾಟವನ್ನು ಹವಾಯಿ ರಾಜ್ಯ 2021ರ ಜನವರಿಯಿಂದ ನಿಷೇಧಿಸಿದೆ. ಬೆನ್ನು ಮುಚ್ಚುವ ತುಂಬುತೋಳಿನ ಅಂಗಿಯೇ ಬಿಸಿಲಿಗೆ ಉತ್ತಮ ತಡೆ.

ಉಸಿರುಗೊಳವೆಯ ಗಣಿತ

ಕೊಳವೆ ಇನ್ನಷ್ಟು ಉದ್ದವಾಗಿದ್ದರೆ ಇನ್ನಷ್ಟು ಆಳಕ್ಕೆ ಹೋಗಬಹುದಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಲೆಕ್ಕ ಹಾಕಿದರೆ ಉತ್ತರ ದೊರೆಯುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ಒಂದು ಬಾರಿಗೆ ಸುಮಾರು 500 ಮಿಲಿಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾರೆ. ಇದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ನಿಂತುಬಿಡುತ್ತದೆ. ಅದು ರಕ್ತವನ್ನು ಮುಟ್ಟುವುದಿಲ್ಲ. 35 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಕೊಳವೆಯಲ್ಲಿ ಇನ್ನೂ ಸುಮಾರು 110 ಮಿಲಿಲೀಟರ್ ನಿಲ್ಲುತ್ತದೆ. ಹೀಗೆ ಪ್ರತಿ ಉಸಿರಿನಲ್ಲೂ ಮೊದಲು ಒಳಸೇರುವುದು ಆಗತಾನೆ ಹೊರಬಿಟ್ಟ ಹಳೆಯ ಗಾಳಿ. ಕೊಳವೆ ಒಂದು ಮೀಟರ್ ಉದ್ದವಾದರೆ ಅದರಲ್ಲಿಯೇ 300 ಮಿಲಿಲೀಟರಿಗೂ ಹೆಚ್ಚು ಹಳೆಯ ಗಾಳಿ ನಿಂತು, ಹೊಸ ಗಾಳಿಗೆ ಬಹುತೇಕ ಎಡೆಯೇ ಉಳಿಯುವುದಿಲ್ಲ. ಇದರ ಮೇಲೆ ನೀರಿನ ಒತ್ತಡ ಎದೆಯನ್ನು ಅದುಮುತ್ತದೆ.

ಉದ್ದಕ್ಕಿಂತಲೂ ಮುಖ್ಯವಾದುದು ಅಗಲ. ನೇರ ಕೊಳವೆಯಲ್ಲಿ ಗಾಳಿ ಸಮವಾಗಿ ಹರಿಯುವಾಗ, ಅದರ ಅಗಲ ಅರ್ಧಕ್ಕಿಳಿದರೆ ಹರಿವಿನ ತಡೆ ಎರಡರಷ್ಟಲ್ಲ, ಹದಿನಾರರಷ್ಟಾಗುತ್ತದೆ. ಅಲೆಯ ನೀರು ನುಗ್ಗದಂತೆ ಕವಾಟಗಳನ್ನೂ ಸಂದುಗಳನ್ನೂ ಅಳವಡಿಸಿದ ಕೆಲವು ಕೊಳವೆಗಳಲ್ಲಿ ಗಾಳಿಯ ದಾರಿ ಎಲ್ಲೋ ಒಂದೆಡೆ ಕಿರಿದಾಗಿರುತ್ತದೆ. ನೋಡಲು ಸುಧಾರಿತವೆನಿಸಿದ ಉಪಕರಣ ಉಸಿರಿಗೆ ಹೊರೆಯಾಗಬಹುದು.

ನೀರು ಕುಡಿಯದೆಯೇ ಮುಳುಗುವ ಬಗೆ

ನೀರಿನಲ್ಲಿ ಮುಳುಗುವುದೆಂದರೆ ಕೈಕಾಲು ಬಡಿದು, ಕೂಗಿ, ನೀರು ಕುಡಿದು ಸಾಯುವುದೆಂಬುದು ಸಾಮಾನ್ಯ ಕಲ್ಪನೆ. ಹವಾಯಿಯ ಆರೋಗ್ಯ ಇಲಾಖೆಯ ಆಶ್ರಯದಲ್ಲಿ ನಡೆದ ಸ್ನಾರ್ಕೆಲ್ ಸುರಕ್ಷತಾ ಅಧ್ಯಯನ ಇನ್ನೊಂದು ಬಗೆಯತ್ತ ಗಮನ ಸೆಳೆದಿದೆ. ಅದು ಶ್ವಾಸಕೋಶದಲ್ಲಿ ಹಠಾತ್ತನೆ ನೀರು ತುಂಬುವ ಸ್ಥಿತಿ. ಈ ನೀರು ಸಮುದ್ರದ್ದಲ್ಲ, ದೇಹದ್ದೇ.

ಅದು ಆಗುವ ಕ್ರಮ ಹೀಗೆ. ದೇಹ ನೀರಿನಲ್ಲಿದ್ದಾಗ ಕೈಕಾಲುಗಳ ರಕ್ತದ ಒಂದು ಭಾಗ ಎದೆಯ ಕಡೆಗೆ ಸರಿದು, ಶ್ವಾಸಕೋಶದ ಲೋಮನಾಳಗಳು ತುಂಬಿಕೊಳ್ಳುತ್ತವೆ. ಈಜಿನ ಆಯಾಸದಿಂದ ಉಸಿರಿನ ಅಗತ್ಯ ಹೆಚ್ಚುತ್ತದೆ. ಕಿರಿದಾದ ಕೊಳವೆಯಿಂದ ಗಾಳಿಯನ್ನು ಬಲವಾಗಿ ಎಳೆದಷ್ಟೂ ಎದೆಯೊಳಗಿನ ಒತ್ತಡ ಇಳಿಯುತ್ತದೆ; ಆ ಸೆಳೆತಕ್ಕೆ ಲೋಮನಾಳಗಳಿಂದ ದ್ರವ ಜಿನುಗಿ ವಾಯುಕೋಶಗಳನ್ನು ಸೇರುತ್ತದೆ. ಆಮ್ಲಜನಕ ರಕ್ತಕ್ಕೆ ಸೇರುವುದು ತಡೆಯುತ್ತದೆ. ಉಬ್ಬಸ, ಕೈಕಾಲುಗಳಲ್ಲಿ ನಿಶ್ಶಕ್ತಿ, ಮನಸ್ಸಿಗೆ ಮಬ್ಬು, ಕೊನೆಗೆ ಎಚ್ಚರ ತಪ್ಪುವುದು, ಇವು ಒಂದರ ಹಿಂದೊಂದು ಬೇಗನೆ ಬರುತ್ತವೆ.

ಇದರ ಭಯಂಕರತೆ ಇರುವುದು ಇದರ ಮೌನದಲ್ಲಿ. ಸ್ನಾರ್ಕೆಲ್ ತೊಟ್ಟವರು ಮುಖ ಕೆಳಗೆ ಮಾಡಿ ಅಲುಗಾಡದೆ ತೇಲುವುದು ಸಹಜವೇ ಆದ್ದರಿಂದ, ಎಚ್ಚರ ತಪ್ಪಿದವರೂ ಮೀನು ನೋಡುತ್ತಿರುವವರೂ ದೂರದಿಂದ ಒಂದೇ ರೀತಿ ಕಾಣುತ್ತಾರೆ. ಕಾಲಿಗೆ ನೆಲ ಸಿಗುವಷ್ಟು ನೀರಿನಲ್ಲಿಯೂ ಇಂಥ ಅವಘಡಗಳಾಗಿವೆ. ಈಜು ಬಲ್ಲವರೆಂಬುದೊಂದೇ ರಕ್ಷಣೆಯಾಗದು.

ಇನ್ನೊಂದು ಅಪಾಯ ಯುವಕರದು. ಆಳಕ್ಕೆ ಧುಮುಕುವ ಮುನ್ನ ಸರಸರನೆ ದೀರ್ಘವಾಗಿ ಉಸಿರಾಡಿದರೆ ಆಮ್ಲಜನಕ ಹೆಚ್ಚಾಗಿ ಸೇರುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗುತ್ತದೆ. ಉಸಿರಾಡಬೇಕೆಂಬ ತವಕವನ್ನು ಹುಟ್ಟಿಸುವುದು ಆ ಅನಿಲವೇ. ತವಕ ಹುಟ್ಟುವ ಮೊದಲೇ ಮೆದುಳಿಗೆ ಆಮ್ಲಜನಕ ಸಾಲದೆ ನೀರಿನೊಳಗೇ ಎಚ್ಚರ ತಪ್ಪುತ್ತದೆ.

ಯಾರು ವಿಶೇಷ ಎಚ್ಚರ ವಹಿಸಬೇಕು

ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಆಸ್ತಮಾ ಅಥವಾ ಇತರ ಶ್ವಾಸಕೋಶದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಸ್ನಾರ್ಕೆಲ್ ತೊಡಬಾರದು. ಈ ಪ್ರಶ್ನೆಯನ್ನು ಊರು ಬಿಡುವ ಮೊದಲೇ, ತಮ್ಮ ದೇಹಸ್ಥಿತಿಯನ್ನು ಬಲ್ಲ ವೈದ್ಯರಲ್ಲಿ ಕೇಳುವುದು ಲೇಸು. ಮೆಟ್ಟಿಲು ಹತ್ತುವಾಗ ಏದುಸಿರು ಬರುವವರು ಅದನ್ನು ವಯಸ್ಸಿನ ಲಕ್ಷಣವೆಂದು ತಳ್ಳಿಹಾಕಬಾರದು. ದೀರ್ಘ ವಿಮಾನಯಾನವೂ ಶ್ವಾಸಕೋಶವನ್ನು ಈ ತೊಂದರೆಗೆ ಒಡ್ಡಬಹುದೇ ಎಂಬ ಸಂದೇಹವನ್ನು ಹವಾಯಿಯ ಅಧ್ಯಯನ ಎತ್ತಿದೆ. ಅದು ಸಿದ್ಧವಾದ ಮಾತಲ್ಲವಾದರೂ, ಭಾರತದಿಂದ ಹೋದವರು ಇಳಿದ ಮರುದಿನವೇ ನೀರಿಗಿಳಿಯದೆ ಎರಡು ಮೂರು ದಿನ ವಿಶ್ರಮಿಸುವುದರಿಂದ ನಷ್ಟವೇನೂ ಇಲ್ಲ. ದೋಣಿಯ ಓಕರಿಕೆಗೆ ನುಂಗುವ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆಂಬುದೂ ನೆನಪಿನಲ್ಲಿರಲಿ.

ನೀರಿಗಿಳಿಯುವ ಕ್ರಮ

1. ಈಜು ಬಾರದವರು ಸ್ನಾರ್ಕೆಲ್ ತೊಡಬಾರದು. ದೋಣಿಯಲ್ಲಿ ಕುಳಿತು ಗುಹೆ, ಬಂಡೆ, ಮೀನುಗಳನ್ನು ನೋಡುವುದೂ ವಿಹಾರವೇ.

2. ಸರಳವಾದ, ಅಗಲವಾದ ಕೊಳವೆಯನ್ನು ಆರಿಸಬೇಕು. ದಡದಲ್ಲಿಯೇ ಬಾಯಲ್ಲಿಟ್ಟು ಜೋರಾಗಿ ಉಸಿರೆಳೆದು ನೋಡಬೇಕು. ತಡೆ ತಿಳಿದರೆ ಬೇರೆಯದನ್ನು ಕೇಳಬೇಕು.

3. ಮುಖವನ್ನೆಲ್ಲ ಮುಚ್ಚುವ ಗವಸನ್ನು ಗಾಬರಿಯಲ್ಲಿ ಕಳಚುವುದು ಕಷ್ಟ. ಬಾಯಲ್ಲಿ ಕಚ್ಚುವ ಕೊಳವೆಯನ್ನಾದರೆ ಉಗುಳಿಬಿಡಬಹುದು.

4. ಮೊದಲ ಅಭ್ಯಾಸ ಈಜುಕೊಳದಲ್ಲಿ, ಎರಡನೆಯದು ಕಾಲಿಗೆ ನೆಲ ಸಿಗುವ ನೀರಿನಲ್ಲಿ, ಆಮೇಲೆ ದೋಣಿಯಿಂದ.

5. ಇಬ್ಬರಿಬ್ಬರಾಗಿಯೇ ಇಳಿಯಬೇಕು. ಜೊತೆಗಾರರು ಆಗಾಗ ತಲೆಯೆತ್ತಿ ಒಬ್ಬರನ್ನೊಬ್ಬರು ಕರೆದು ಉತ್ತರ ಪಡೆಯಬೇಕು. ಲೈಫ್ ಜಾಕೆಟ್ ತೊಡುವುದರಲ್ಲಿ ಸಂಕೋಚ ಬೇಡ.

6. ಅಕಾರಣವಾಗಿ ಏದುಸಿರು ಬಂದರೆ ಅದೇ ಎಚ್ಚರಿಕೆಯ ಗಂಟೆ. ಕೂಡಲೇ ಈಜು ನಿಲ್ಲಿಸಿ, ಗವಸು ಕೊಳವೆಗಳನ್ನು ಕಳಚಿ, ಅಂಗಾತ ಮಲಗಿ ತೇಲುತ್ತಾ ಕೈಯೆತ್ತಿ ದೋಣಿಯವರನ್ನು ಕರೆಯಬೇಕು. ನೀರಿನಿಂದ ಹೊರಬರಬೇಕು. "ಇನ್ನೈದು ನಿಮಿಷ" ಎಂಬ ಆಸೆ ಆಗ ಸಲ್ಲದು.

ಎಚ್ಚರ ತಪ್ಪಿದವರಿಗೆ

ಉಸಿರು ನಿಂತವರನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆಯನ್ನು ಒತ್ತಿ ನೀರು ತೆಗೆಯುವುದು ಹಳೆಯ ಪದ್ಧತಿ. ಅದರಿಂದ ಅಮೂಲ್ಯವಾದ ಕಾಲ ಕಳೆಯುತ್ತದೆ. ವಾಂತಿ ಶ್ವಾಸನಾಳಕ್ಕೆ ಸೇರುವ ಭಯವೂ ಉಂಟು. ಮುಳುಗಿದವರಿಗೆ ಮೊದಲು ಬೇಕಾದುದು ಆಮ್ಲಜನಕ. ಗಟ್ಟಿಯಾದ ಜಾಗದಲ್ಲಿ ಅಂಗಾತ ಮಲಗಿಸಿ, ಗಲ್ಲವನ್ನೆತ್ತಿ, ಮೂಗು ಹಿಡಿದು ಬಾಯಿಯಿಂದ ಬಾಯಿಗೆ ಉಸಿರು ಕೊಡಬೇಕು. ಆನಂತರ ಎದೆಯ ನಡುವೆ 30 ಬಾರಿ ಒತ್ತಿ, 2 ಬಾರಿ ಉಸಿರು ಕೊಡುವ ಕ್ರಮವನ್ನು ನೆರವು ಬರುವವರೆಗೆ ಬಿಡದೆ ನಡೆಸಬೇಕು. ಚೇತರಿಸಿಕೊಂಡಂತೆ ಕಂಡವರನ್ನೂ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಒಬ್ಬರಾದರೂ ಈ ವಿಧಾನವನ್ನು ತರಬೇತಿ ಪಡೆದು ಕಲಿತಿರುವುದು ಕರ್ತವ್ಯ.

ಈ ನಿಯಮಗಳು ಹವಾಯಿಗೆ ಮಾತ್ರ ಮೀಸಲಲ್ಲ. ಅಂಡಮಾನಿನ ಹವಳದ ತೀರಗಳಲ್ಲಿಯೂ, ಮುರ್ಡೇಶ್ವರದಿಂದ ದೋಣಿಯೇರಿ ಹೋಗುವ ನೇತ್ರಾಣಿಯಲ್ಲಿಯೂ ಶ್ವಾಸಕೋಶದ ಧರ್ಮ ಒಂದೇ. ಕಡಲಿನ ಸೊಬಗನ್ನು ಕಾಣುವ ಹಂಬಲ ಯಾವ ವಯಸ್ಸಿನವರಿಗೂ ತಪ್ಪಲ್ಲ. ತಮ್ಮ ಉಸಿರಿನ ಮಿತಿಯನ್ನು ಅರಿತು, ಏದುಸಿರು ಬಂದೊಡನೆ ಹಿಂದಿರುಗುವ ವಿವೇಕ ಅದರ ಜೊತೆಗಿರಬೇಕು. ಹಿರಿಯರನ್ನು ಕರೆದೊಯ್ಯುವ ಮಕ್ಕಳಿಗೂ ಇದೇ ಸೂಚನೆ: ಮೀನುಗಳ ಚಿತ್ರ ತೆಗೆಯುವುದಕ್ಕಿಂತ ಪಕ್ಕದಲ್ಲಿ ತೇಲುತ್ತಿರುವ ತಂದೆಯ, ತಾಯಿಯ ಮೇಲೆ ಕಣ್ಣಿಟ್ಟಿರುವುದು ಆ ಹೊತ್ತಿನ ಮೊದಲ ಕೆಲಸ.