ಹೋಗುವ ಮುನ್ನ ಒಂದು ಗಂಟೆ

ಪ್ರಶ್ನೆ: ದಿನಾ ಕಾರ್ಖಾನೆಗೆ ಸೈಕಲ್ಲಿನಲ್ಲೇ ಹೋಗಿಬರುವವನು ನಾನು. ನಲವತ್ತು ದಾಟಿದೆ, ತುಸು ಏರು ಸಿಕ್ಕರೂ ಏದುಸಿರು. ಜರ್ಮನಿಯ ಒಬ್ಬ ಸೈಕಲ್ ಪಟು 43ನೇ ವಯಸ್ಸಿನಲ್ಲಿ, ನಿವೃತ್ತಿಯ ದಿನವೇ ವಿಶ್ವದಾಖಲೆ ಮಾಡಿದನಂತೆ. ಹೇಗೆ ಸಾಧ್ಯ?
— ಓದುಗರೊಬ್ಬರು, ಬಾಲಾನಗರ, ಹೈದರಾಬಾದ್

ಉತ್ತರ: ಆತ ಯೆನ್ಸ್ ಫೋಕ್ಟ್, ಇಂಗ್ಲಿಷಿನವರ ಬಾಯಲ್ಲಿ ವಾಯ್ಟ್. 2014ರ ಸೆಪ್ಟೆಂಬರ್ 17ಕ್ಕೆ ಅವರಿಗೆ 43 ತುಂಬಿತು. ಮರುದಿನ ಸ್ವಿಟ್ಜರ್ಲೆಂಡಿನ ಗ್ರೆಂಚೆನ್ ಊರಿನ ಒಳಾಂಗಣ ವೆಲೊಡ್ರೋಮಿನಲ್ಲಿ ಒಂದು ಗಂಟೆ ಸೈಕಲ್ ತುಳಿದು 51.110 ಕಿಲೋಮೀಟರ್ ಕ್ರಮಿಸಿ, ಇಳಿದು, ವೃತ್ತಿಗೆ ಕೈ ಮುಗಿದರು. ಅಲ್ಲಿನ ಟ್ರ್ಯಾಕ್ ಸುತ್ತಳತೆ 250 ಮೀಟರ್. ಅಂದರೆ 204 ಸುತ್ತು ಮುಗಿದು ಮೇಲೊಂದಿಷ್ಟು. ನಿಮ್ಮ ಬಾಲಾನಗರದ 1.13 ಕಿಲೋಮೀಟರ್ ಫ್ಲೈಓವರನ್ನು ಆ ವೇಗದಲ್ಲಿ 80 ಸೆಕೆಂಡಿಗೆ ದಾಟಬಹುದು.

ಆದರೆ ಕಾಲಿನ ಬಲ ಅರ್ಧ ಕಥೆ ಮಾತ್ರ. ಉಳಿದರ್ಧ ನಿಯಮದ ಪುಸ್ತಕದಲ್ಲಿದೆ.

1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ಸಿಟಿಯಲ್ಲಿ, ಎತ್ತರದ ತೆಳುಗಾಳಿಯಲ್ಲಿ, 49.431 ಕಿಲೋಮೀಟರ್ ತುಳಿದಿದ್ದರು. ಆಮೇಲೆ ಬಂದವರು ಸೈಕಲ್ಲಿನ ರೂಪವನ್ನೇ ಬದಲಿಸಿದರು. ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ಕೈಗಳನ್ನು ನೇರ ಮುಂದಕ್ಕೆ ಚಾಚಿ ಮಲಗಿದಂತೆ ಕೂತು 56.375 ತಲುಪಿದರು. ಇಷ್ಟು ವೇಗದಲ್ಲಿ ಸವಾರನ ನಿಜವಾದ ಎದುರಾಳಿ ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ಕೂರುವ ಭಂಗಿ ಬದಲಾದರೆ ಲೆಕ್ಕವೇ ಬದಲು. ಇದು ಮನುಷ್ಯನ ದಾಖಲೆಯೋ ಯಂತ್ರದ್ದೋ ಎಂದು ತಲೆಕೆಡಿಸಿಕೊಂಡ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, 2000ದಲ್ಲಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿತು: ದಾಖಲೆ ಬೇಕಿದ್ದರೆ ಮರ್ಕ್ಸ್ ಕಾಲದಂಥ ಸೈಕಲ್ಲೇ ಆಗಬೇಕು. ಅದೇ ವರ್ಷ ಬೋರ್ಡ್‌ಮನ್ ಅಂಥ ಸೈಕಲ್ ಹತ್ತಿ 49.441 ಮಾಡಿ ನಿವೃತ್ತರಾದರು. ಮರ್ಕ್ಸ್‌ಗಿಂತ ಬರೀ 10 ಮೀಟರ್ ಹೆಚ್ಚು! ನನ್ನನ್ನು ಕೇಳಿದರೆ, ದಾಖಲೆ ಮಾಡಿ ವಿದಾಯ ಹೇಳಿದವರಲ್ಲಿ ಹೆಚ್ಚು ಕಷ್ಟಪಟ್ಟವರು ಅವರೇ.

2005ರಲ್ಲಿ ಚೆಕ್ ದೇಶದ ಒಂದ್ರೆಯ್ ಸೊಸೆಂಕಾ ಮಾಸ್ಕೋದಲ್ಲಿ 49.700 ಮಾಡಿದ ಮೇಲೆ ಯಾರಿಗೂ ಇದರ ಗೊಡವೆ ಬೇಡವಾಯಿತು. ಒಂಬತ್ತು ವರ್ಷ ದಾಖಲೆ ಧೂಳು ತಿಂದಿತು. 2014ರ ಮೇ ತಿಂಗಳಲ್ಲಿ ಒಕ್ಕೂಟ ಮತ್ತೆ ಮನಸ್ಸು ಬದಲಿಸಿ, ಟ್ರ್ಯಾಕ್ ಪಂದ್ಯಗಳಲ್ಲಿ ಬಳಸುವ ಇಂದಿನ ಸೈಕಲ್ ಸಾಕು ಎಂದಿತು. ಮುಚ್ಚಿದ ತಟ್ಟೆಯಂಥ ಚಕ್ರ, ಮೊಣಕೈ ಊರಿ ಬಾಗುವ ಹ್ಯಾಂಡಲ್ ಎಲ್ಲಕ್ಕೂ ಒಪ್ಪಿಗೆ. ಹಳೆ ಸೈಕಲ್ಲಿನ ಅಂಕಿಯನ್ನು ಹೊಸ ಸೈಕಲ್ಲಿನಲ್ಲಿ ಮುರಿಯುವ ಅವಕಾಶ! ಬಾಗಿಲು ತೆರೆದದ್ದನ್ನು ಕಂಡು ಮೊದಲು ಒಳಹೊಕ್ಕವರು ಫೋಕ್ಟ್.

ಹಾಗೆಂದು ಅದು ಪುಕ್ಕಟೆ ಸಿಕ್ಕಿದ್ದಲ್ಲ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇಲ್ಲ, ಗೇರ್ ಬದಲಿಸುವಂತಿಲ್ಲ, ಫ್ರೀವೀಲ್ ಕೂಡ ಇಲ್ಲ. ನೀವು ಇಳಿಜಾರಿನಲ್ಲಿ ಪೆಡಲ್ ಬಿಟ್ಟು ಸುಧಾರಿಸಿಕೊಳ್ಳುತ್ತೀರಲ್ಲ, ಆ ಸುಖ ಅಲ್ಲಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಇಲ್ಲಿ ವಯಸ್ಸು ಅಷ್ಟೇನೂ ಶತ್ರುವಲ್ಲ. ಚಿಗರೆಯಂತೆ ಚಿಮ್ಮುವ ವೇಗ ಮೊದಲು ಕುಂದುತ್ತದೆ, ದಮ್ಮು ನಿಧಾನವಾಗಿ ಇಳಿಯುತ್ತದೆ. 17 ಬಾರಿ ಟೂರ್ ಡಿ ಫ್ರಾನ್ಸ್‌ಗೆ ಇಳಿದಿದ್ದ ಈ ಮನುಷ್ಯನ ಹೆಸರುವಾಸಿ ಮಂತ್ರವೇ ‘ಕಾಲುಗಳೇ, ಬಾಯಿ ಮುಚ್ಚಿ’ ಎಂಬುದು. ಎಲ್ಲಿ ಬಿಗಿಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಅಂಥವರಿಗೆ ಮೈಗೂಡಿರುತ್ತದೆ.

ದಾಖಲೆ ಉಳಿದದ್ದು 42 ದಿನ. ಅಕ್ಟೋಬರ್ 30ರಂದು ಆಸ್ಟ್ರಿಯಾದ ಮಥಿಯಾಸ್ ಬ್ರೆಂಡ್ಲೆ 51.852 ಮಾಡಿದರು, ಮುಂದಿನ ಬೇಸಿಗೆಯಲ್ಲಿ ಬ್ರಾಡ್ಲಿ ವಿಗಿನ್ಸ್ 54.526ಕ್ಕೆ ಒಯ್ದರು. 2022ರಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ, ಅದೇ ಗ್ರೆಂಚೆನ್ನಿನಲ್ಲಿ, 56.792 ತಲುಪಿ ಬೋರ್ಡ್‌ಮನ್ನರ ಆ ಚಾಚುಗೈ ಅಂಕಿಯನ್ನೂ ದಾಟಿದರು.

ಕುತೂಹಲವಿದ್ದರೆ ಒಂದು ಭಾನುವಾರ ನಿಮ್ಮೂರಿನ ಹೊರವರ್ತುಲ ರಸ್ತೆಗೆ ಹೋಗಿ. ಸೌರಫಲಕಗಳ ನೆರಳಿನ ಸೈಕಲ್ ಪಥ ಅಲ್ಲಿದೆ, ಒಟ್ಟು 23 ಕಿಲೋಮೀಟರ್. ಅಷ್ಟನ್ನೂ ಒಮ್ಮೆ ಹೋಗಿ, ಬಂದು, ಮತ್ತೆ ಐದು ಕಿಲೋಮೀಟರ್ ತುಳಿದು ಗಡಿಯಾರ ನೋಡಿಕೊಳ್ಳಿ. ನೀರಿನ ಬಾಟಲಿ ಮರೆಯಬೇಡಿ.